ಎರಡು ಬೆರಳು ಹೆಚ್ಚಾದ ಗಾಜು

ಗಾಡಿಯ ಬಣ್ಣ ಕಡುಗೆಂಪು ಎಂದು ಮೊದಲು ಬರೆದಿದ್ದೆ. ಆಮೇಲೆ ಹೊಡೆದು ಹಾಕಿದೆ. ಕಾಕಾನ ಮಗಳು ಅದು ಹಸಿರು ಎನ್ನುತ್ತಾಳೆ. ಅವಳು ಹುಟ್ಟುವ ಹೊತ್ತಿಗೆ ಗಾಡಿಯೇ ಮನೆಯಲ್ಲಿರಲಿಲ್ಲ, ಆದರೂ ಅವಳು ಹೇಳಿದಾಗಿನಿಂದ ನನಗೂ ಅದು ಹಸಿರಾಗಿಯೇ ಕಾಣತೊಡಗಿದೆ. ಆದ್ದರಿಂದ ಮುಂದೆ ಬರೆಯುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ದಿನಚರಿ ಬರೆಯುವ ಚಟ ನನಗೆ ಹತ್ತಿದ್ದು ಮುಂಬಯಿಗೆ ಪದವಿ ಓದಲು ಹೋದ ಮೇಲೆ. ಇದು ನಡೆದಾಗ ನನಗೆ ಎಂಟು, ಹೆಚ್ಚೆಂದರೆ ಒಂಬತ್ತು ವರ್ಷ. ಕಂಪನಿ ಸರಕಾರದ ವಿರುದ್ಧ ನಡೆದ ನರಗುಂದದ ಬಂಡಾಯಕ್ಕೆ ಇನ್ನೂ ಮೂರ್ನಾಲ್ಕು ವರ್ಷ ಇತ್ತು ಎಂಬುದು ಮಾತ್ರ ಖಚಿತ. ಬಂಡಾಯದ ಮೇಲೆ ನಮ್ಮ ಮನೆಯವರು ಆ ಊರಿಗೆ ಹಾಗೆ ಸಡಗರದಿಂದ ಹೋದದ್ದೇ ಇಲ್ಲ.

ರೋಣದಲ್ಲಿ ನಮ್ಮದು ಹೊಲವೂ ಹತ್ತಿಯ ವ್ಯಾಪಾರವೂ ಇದ್ದ ಗೌಡರ ಮನೆ. ಅಜ್ಜನನ್ನು ಮುತ್ಯಾ ಎಂದೂ ಅಜ್ಜಿಯನ್ನು ಆಯಿ ಎಂದೂ ಕರೆಯುತ್ತಿದ್ದೆವು. ಅವರ ಕಿರಿಯ ಮಗ ನನ್ನ ಕಾಕಾ. ಗಾಡಿ ತಂದವನು ಅವನೇ. ಧಾರವಾಡದಲ್ಲಿ ಒಬ್ಬ ಸಾಹೇಬ ವಿಲಾಯತಿಗೆ ಮರಳುವಾಗ ತನ್ನ ಸಾಮಾನನ್ನೆಲ್ಲ ಲಿಲಾವಿಗೆ ಹಾಕಿದನಂತೆ. ಉಳಿದವರು ಕುರ್ಚಿ, ಗಡಿಯಾರ ಹಿಡಿದರು. ಕಾಕಾ ಸಾರೋಟು ಹಿಡಿದ. ಒಂದೇ ಕುದುರೆಯ ಹಗುರ ಗಾಡಿ, ನೆಲಕ್ಕೆ ತಗ್ಗು, ಓಟಕ್ಕೆಂದೇ ಮಾಡಿದ್ದು. ಓಡಿಸುವವನು ಹೊರಗೆ ಮುಂದಿನ ಆಸನದಲ್ಲಿ ಕೂರಬೇಕು. ಅವನ ಬೆನ್ನ ಹಿಂದೆ ಪೆಟ್ಟಿಗೆಯಂತೆ ಮುಚ್ಚಿದ ಭಾಗ, ಅದರ ಮುಂಭಾಗಕ್ಕೆ ಅಗಲವಾದ ಒಂದೇ ಗಾಜು. ಒಳಗೆ ಕುಳಿತರೆ ದಾರಿಯೆಲ್ಲ ಕಾಣುತ್ತಿತ್ತು, ಧೂಳು ಮಾತ್ರ ತಾಗುತ್ತಿರಲಿಲ್ಲ.

ಅಂಥ ಗಾಜನ್ನು ನಮ್ಮೂರಲ್ಲಿ ಯಾರೂ ನೋಡಿರಲಿಲ್ಲ. ಎದುರು ಮನೆಯ ದೊಡ್ಡವ್ವ ನನ್ನ ತಾಯಿಯನ್ನು ಕರೆದು, “ಎವ್ವಾ, ನಿಮ್ಮತ್ತಿ ಒಳಗ ಕುಂತ್ರ ಅತ್ತರದ ಶೀಸೇದಾಗ ಕುಂತಂಗ ಕಾಣ್ತಾಳ. ಬೂಚು ಬಿಗಿ ಹಾಕ್ರಿ, ವಾಸನಿ ಹೋದೀತು!” ಎಂದದ್ದು ಇಡೀ ಓಣಿಗೆ ಕೇಳಿಸಿತು.

ಗಾಜು ಒಡೆದದ್ದು ನರಗುಂದದ ದಾರಿಯಲ್ಲಿ. ಅಲ್ಲಿ ಆಯಿಯ ತಂಗಿಯ ಮನೆ. ಒಳಗೆ ಆಯಿ, ಅವಳ ಪಕ್ಕ ನಾನು. ಎರಿಯ ಕಪ್ಪು ನೆಲದ ದಾರಿ, ಬೇಸಿಗೆ ಬರುವ ಮುಂಚೆಯೇ ಬಿರುಕು ಬಿಟ್ಟಿತ್ತು. ಯಾರೋ ಕುದುರೆ ಸವಾರ ನಮ್ಮನ್ನು ಹಿಂದೆ ಹಾಕಿ ಹೋದ, ಕಾಕಾನಿಗೆ ತಡೆಯಲಾಗಲಿಲ್ಲ. ಅವನು ಲಗಾಮು ಸಡಿಲ ಬಿಟ್ಟ. ಸ್ವಲ್ಪ ದೂರ ಹಾರಿದಂತೆಯೇ ಇತ್ತು. ಆಮೇಲೆ ಗಾಲಿ ಒಂದು ಬಿರುಕಿಗೆ ಇಳಿಯಿತು. ಗಾಡಿ ನಿಂತಿತು, ಕುದುರೆ ಅದನ್ನು ಮತ್ತೆ ಜಗ್ಗಿದ ರಭಸಕ್ಕೆ ಕಾಕಾ ಹಿಮ್ಮುಖವಾಗಿ ಬಿದ್ದ, ಅವನ ಮೊಣಕೈ ಗಾಜನ್ನು ಸೀಳಿ ಒಳಗೆ ಬಂತು. ಆಯಿಯ ಉಡಿಯ ತುಂಬ ಚೂರು. ಯಾರಿಗೂ ಗಾಯವಾಗಲಿಲ್ಲ ಎಂದು ನೆನಪು. ಆದರೆ ಕಾಕಾನ ಮೊಣಕೈಯಲ್ಲಿ ಒಂದು ಕಲೆಯಿತ್ತು, ಅದು ಎಲ್ಲಿಂದ ಬಂತೋ.

ಆಯಿ ಉಡಿ ಕೊಡವದೆ ಹಾಗೇ ಕೂತು, “ಓಡ್ಸು, ಇನ್ನೂ ಜೋರ ಓಡ್ಸು. ಕುದರಿಗಿಂತ ಮುಂದ ಹೋಗ್ತೀ ಅಂತ ಮಾಡಿದ್ದೆ, ಹಿಂದ ಬಂದೀಯಲ್ಲೋ” ಎಂದಳು.

ಬರಿದಾದ ಚೌಕಟ್ಟಿಗೆ ಕಾಕಾನ ರುಮಾಲು ಬಿಗಿದುಕೊಂಡು ನರಗುಂದ ಸೇರಿದೆವು. ಆಯಿಯ ತಂಗಿ ಬಾಗಿಲಲ್ಲೇ ನಿಂತು, “ಇದೇನಕ್ಕಾ, ಸಾರೋಟಕ್ಕ ಬ್ಯಾನಿ ಬಂದೈತೇನು, ತಲೀಗಿ ಅರಬಿ ಕಟ್ಟೀರಿ?” ಎಂದು ನಕ್ಕಳು. ಹುಟ್ಟಲಿದ್ದ ಅವಳ ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಹೊಸ ಗಾಜಿನ ಗಾಡಿಯಲ್ಲೇ ಬರುತ್ತೇನೆಂದು ಕಾಕಾ ಅಲ್ಲಿಯೇ ಮಾತು ಕೊಟ್ಟ.

ಗಾಜು ಮುಂಬಯಿಯಿಂದ ಬರಬೇಕಿತ್ತು. ನಮ್ಮ ಹತ್ತಿ ಚಕ್ಕಡಿಗಳಲ್ಲಿ ಘಟ್ಟ ಇಳಿದು ಕುಮಟೆಗೆ ಹೋಗಿ ಅಲ್ಲಿಂದ ಹಡಗು ಹತ್ತುತ್ತಿತ್ತು. ಅದೇ ದಾರಿಯಲ್ಲಿ ಗಾಜಿನ ಅಳತೆಯನ್ನೂ ಕಳಿಸಿದರು. ನಮ್ಮಲ್ಲಿ ಅಳತೆ ಎಂದರೆ ನೂಲು. ಕುಪ್ಪಸಕ್ಕೂ ನೂಲು, ಕಾಳು ತುಂಬಿಡುವ ಹಗೇವಿನ ಬಾಯಿ ಮುಚ್ಚುವ ಕಲ್ಲಿಗೂ ನೂಲು. ಗಜೇಂದ್ರಗಡದ ನೇಕಾರರ ಮನೆಯಿಂದ ತಂದ ಗಂಜಿ ಹಾಕಿದ ಮಗ್ಗದ ಹಾಸಿನ ಎಳೆಯನ್ನು ಕಾಕಾ ಚೌಕಟ್ಟಿಗೆ ಹಿಡಿದು, ಅಗಲಕ್ಕೆ ಒಂದು ಗಂಟು, ಎತ್ತರಕ್ಕೆ ಎರಡು ಗಂಟು ಹಾಕಿ ಕಾಗದದಲ್ಲಿ ಸುತ್ತಿ ಕೊಟ್ಟ. ಅಂಗುಲ ಎಂಬ ಮಾತೇ ಬರಲಿಲ್ಲ.

ಎರಡೋ ಮೂರೋ ತಿಂಗಳ ಮೇಲೆ, ಎರಡು ಹಲಗೆಗಳ ನಡುವೆ ಬತ್ತದ ಹುಲ್ಲಿನಲ್ಲಿ ಹುದುಗಿ ಗಾಜು ಬಂತು. ಮಕ್ಕಳೆಲ್ಲ ಹುಲ್ಲನ್ನೇ ಮೂಸಿ ನೋಡಿದೆವು. ನಮ್ಮ ಕಡೆ ಜೋಳದ ಸೊಪ್ಪೆ ಬಿಟ್ಟರೆ ಬೇರೆ ಮೇವಿನ ವಾಸನೆ ಗೊತ್ತಿರಲಿಲ್ಲ. ಕಾಕಾ ಗಾಜನ್ನು ಎತ್ತಿ ಚೌಕಟ್ಟಿಗೆ ಹಿಡಿದ. ಎತ್ತರ ಸರಿಯಿತ್ತು. ಅಗಲ ಎರಡು ಬೆರಳು ಹೆಚ್ಚಾಗಿತ್ತು.

ಸಮುದ್ರದ ತಂಪಿಗೆ ಗಂಜಿ ಇಳಿದು ಎಳೆ ಉದ್ದವಾಗಿದೆ ಎಂಬುದು ಕಾಕಾನ ವಾದ. ಅಂಗಡಿಯವನು ಎಳೆಯನ್ನು ಜಗ್ಗಿ ಹಿಡಿದಿರಬೇಕು ಎಂದು ಅಪ್ಪ. ಹಾಗಾದರೆ ಎತ್ತರವೇಕೆ ಹೆಚ್ಚಾಗಲಿಲ್ಲ ಎಂದು ಯಾರೂ ಕೇಳಲಿಲ್ಲ. ನನಗೇ ಇದು ಹೊಳೆದದ್ದು ಈಗ ಬರೆಯುವಾಗ. ಹೊಸ ಗಾಜು ತರಿಸಲು ಸಮಯವಿರಲಿಲ್ಲ. ತೊಟ್ಟಿಲಿಗೆ ಹದಿನೈದೇ ದಿನ ಉಳಿದಿತ್ತು.

ಗಜೇಂದ್ರಗಡದಿಂದ ಪತ್ತಾರನನ್ನು ಕರೆಸಿದರು. ನಮ್ಮ ಮನೆಯ ಚಿನ್ನದ ಕೆಲಸವನ್ನೆಲ್ಲ ಮಾಡುತ್ತಿದ್ದ ಅಕ್ಕಸಾಲಿ ಅವನು. ಬಡಕಲು ಮೈ, ಮೆಲುಮಾತು. ಮುತ್ಯಾ ಕಟ್ಟೆಯ ಮೇಲೆ ಕೂತಿದ್ದ, ಓಣಿಯವರು ಸುತ್ತ ನೆರೆದಿದ್ದರು. ಪತ್ತಾರ ಗಾಜಿನ ಅಂಚನ್ನು ಉಗುರಿನಿಂದ ತಟ್ಟಿ ನೋಡಿದ.

“ಇದನ್ನ ವಜ್ರ ಒಂದ ಕೊರಿತೈತ್ರಿ. ಉಳಿದ ಯಾವ ಹತಾರ ಇಟ್ರೂ ಒಡದ ಹೋಕ್ಕೈತಿ.”

“ವಜ್ರಕ್ಕೇನ ಬರಗಾಲ?” ಎಂದಳು ಎದುರು ಮನೆಯ ದೊಡ್ಡವ್ವ. “ಗೌಡರ ಮನ್ಯಾಗ ಮೂಗಿನ ಮ್ಯಾಲ ಕುಂತೈತಲ್ಲ!”

ಎಲ್ಲರೂ ಆಯಿಯ ಕಡೆ ತಿರುಗಿದರು. ಅವಳ ಮೂಗುತಿಯ ನಡುವೆ ಒಂದು ಬಿಳಿ ಹರಳಿತ್ತು. ಮೊದಲ ಮಗ ಹುಟ್ಟಿದಾಗ ಮುತ್ಯಾ ವಿಜಯಪುರದ ಕಡೆಯ ಒಬ್ಬ ವ್ಯಾಪಾರಿಯಿಂದ ಕೊಂಡು ಕೊಟ್ಟದ್ದು. ವಜ್ರ ಎಂದು ಮುತ್ಯಾ ಹೇಳಿದ್ದ, ವಜ್ರ ಎಂದು ಊರು ನಂಬಿತ್ತು. ಮನೆಗೆ ಯಾರೇ ಬಂದರೂ ಆಯಿ ನೀರು ತಂದಿಡುವಾಗ ಅವನು, “ಸ್ವಲ್ಪ ಬೆಳಕಿಗೆ ನಿಂದ್ರು” ಎನ್ನುತ್ತಿದ್ದ.

ಈಗ ಮಾತ್ರ ಮುತ್ಯಾ, “ಮುತ್ತೈದಿ ಮೂಗಿನ್ಯಾಗಿಂದ ಮೂಗುತಿ ತಗ್ಯಾಂಗಿಲ್ಲ” ಎಂದ.

“ಬೇವಿನ ಕಡ್ಡಿ ಇಟ್ರ ನಡೀತೈತ್ರಿ ಮಾವಾರ” ಎಂದಳು ದೊಡ್ಡವ್ವ. “ಮತ್ತ ವಜ್ರ ಹೌದೋ ಅಲ್ಲೋ ಅನ್ನೂದೂ ತಿಳೀತೈತಿ. ಹೌದಲ್ಲೋ ಪತ್ತಾರ?”

ಪತ್ತಾರ ಅವಳ ಕಡೆ ನೋಡಲಿಲ್ಲ. “ವಜ್ರ ಇದ್ರ ಕೊರಿತೈತಿ. ಇರಲಿಲ್ಲಂದ್ರ ಜಾರತೈತಿ.”

ಎಂಟು ವರ್ಷದ ನನಗೂ ಆಗ ಅರ್ಥವಾಗಿತ್ತು: ಅಲ್ಲಿ ನೆರೆದವರ ಮುಂದೆ ಹರಳು ಜಾರಿದರೆ, ಮುತ್ಯಾ ಅಷ್ಟು ವರ್ಷ ಆಡಿದ ಮಾತೂ ಜಾರಿದಂತೆ. ಅವನು ಎಲೆಯಡಿಕೆಯ ಚೀಲದಲ್ಲಿ ಏನನ್ನೋ ಹುಡುಕುತ್ತಲೇ ಇದ್ದ. ಅವನಿಗೆ ನಿಜ ಗೊತ್ತಿತ್ತೋ, ಆವತ್ತೇ ಮೊದಲ ಬಾರಿಗೆ ಸಂಶಯ ಬಂತೋ, ಈಗಲೂ ಹೇಳಲಾರೆ.

ಆಯಿ ಒಳಗೆ ಹೋದಳು. ಹೊರಗೆ ಬಂದಾಗ ಮೂಗಿನಲ್ಲಿ ಬೇವಿನ ಕಡ್ಡಿಯಿತ್ತು, ಮುಷ್ಟಿಯಲ್ಲಿ ಮೂಗುತಿ. ಪತ್ತಾರ ಅದನ್ನು ಕಣ್ಣ ಹತ್ತಿರ ಹಿಡಿದ, ಬಾಯಿಯಿಂದ ಉಸಿರು ಬಿಟ್ಟ, ಮತ್ತೆ ನೋಡಿದ. ಹರಳಿನ ಮೇಲೆ ಉಸಿರಿನ ಮಂಜು ಬಹಳ ಹೊತ್ತು ನಿಂತಿತ್ತು. ಹೀಗೆ ಬರೆದೆ, ಆದರೆ ಇಲ್ಲಿ ನನ್ನನ್ನು ನಂಬಬಾರದು. ಅಪ್ಪಟ ವಜ್ರದ ಮೇಲೆ ಉಸಿರು ನಿಲ್ಲುವುದಿಲ್ಲ ಎಂದು ಮುಂಬಯಿಯಲ್ಲಿ ಒಬ್ಬ ಸಹಪಾಠಿ ಹೇಳಿದ್ದ. ಅವನದು ಹರಳಿನ ವ್ಯಾಪಾರದ ಮನೆತನ. ಅದನ್ನು ಕೇಳಿದ ಮೇಲೆ ಆ ಮಂಜನ್ನು ನಾನೇ ಸೇರಿಸಿಕೊಂಡಿರಬಹುದು.

ಪತ್ತಾರ ಮೂಗುತಿಯನ್ನು ಅರಿವೆಯಲ್ಲಿ ಕಟ್ಟಿ, “ಇಲ್ಲಿ ಬ್ಯಾಡ್ರಿ. ಗಾಳಿ ಐತಿ, ಕೈ ಅಳಗ್ಯಾಡತೈತಿ. ಗಜೇಂದ್ರಗಡಕ್ಕ ಒಯ್ದು ನಮ್ಮ ಮನ್ಯಾಗ ಕೊರದ ತರತೀನಿ” ಎಂದ. ನಾನು ಕೇಳಿದ್ದು ಹೀಗೆ. ಗಾಜು ಮತ್ತೆ ಬತ್ತದ ಹುಲ್ಲಿಗೆ ಸೇರಿತು. ಚಕ್ಕಡಿ ನರೇಗಲ್ಲಿನ ಹಾದಿ ಹಿಡಿಯಿತು.

ಒಂದು ವಾರ ಆಯಿ ಬೇವಿನ ಕಡ್ಡಿಯಲ್ಲೇ ಇದ್ದಳು. ದೊಡ್ಡವ್ವ ದಿನಾ ಒಂದು ನೆಪ ಮಾಡಿಕೊಂಡು ಬರುತ್ತಿದ್ದಳು, ಒಮ್ಮೆ ಹೆಪ್ಪಿಗೆ, ಒಮ್ಮೆ ಕೆಂಡಕ್ಕೆ. “ಏನಬೇ, ಕಡ್ಡೀನ ಚಿಗಿತೀತು ಈಗ!” ಮುತ್ಯಾ ಆ ವಾರ ಕಟ್ಟೆಗೆ ಬರಲಿಲ್ಲ. ಮೊಣಕಾಲು ನೋವೆಂದು ಒಳಗೇ ಉಂಡ, ಒಳಗೇ ಕೂತ. ಆಯಿ ಅವನ ಮೊಣಕಾಲಿಗೆ ಎರಡು ಹೊತ್ತು ಔಡಲೆಣ್ಣೆ ತಿಕ್ಕಿದಳು. ಇಬ್ಬರೂ ಮೂಗುತಿಯ ಮಾತೆತ್ತಿದ್ದನ್ನು ನಾನು ಕೇಳಲಿಲ್ಲ.

ಎಂಟನೆಯ ದಿನ ಪತ್ತಾರ ಗಾಜು, ಮೂಗುತಿ ಎರಡನ್ನೂ ತೆಗೆದುಕೊಂಡು ಬಂದ. ಅವನ ಬಲಗೈಯ ಮೂರು ಬೆರಳಿಗೆ ಅರಿವೆಯ ಪಟ್ಟಿ ಸುತ್ತಿತ್ತು. ಓಣಿಯವರೆಲ್ಲ ಮತ್ತೆ ಸೇರಿದರು. ಕಾಕಾ ಗಾಜನ್ನು ಗಾಡಿಯ ಚೌಕಟ್ಟಿನೊಳಗೆ ಇಳಿಸಿದ; ಅದು ಗಂಟಲಿಗೆ ನೀರು ಇಳಿದಂತೆ ಇಳಿದು ಕೂತಿತು. ಅಂಚೆಲ್ಲ ಕಟ್ಟಿಗೆಯೊಳಗೆ ಮರೆಯಾಯಿತು.

ಮೆಲುಮಾತಿನ ಆ ಮನುಷ್ಯ ಆವತ್ತು ಓಣಿಗೆಲ್ಲ ಕೇಳುವಂತೆ ಕೂಗಿ ಹೇಳಿದ: “ಒಂದ ಗೀರು ಹಾಕಿದ್ನಿರಿ ಗೌಡ್ರ, ಒಂದ! ಬೆಣ್ಯಾಗ ದಾರ ಎಳದಂಗ ಆತು. ಇಂಥಾ ಹರಳ ನಾ ನೋಡಿಲ್ಲ.”

ಮುತ್ಯಾನ ಮೊಣಕಾಲು ನೋವು ಆ ಕ್ಷಣಕ್ಕೆ ಹೋಯಿತು. ಅವನು ಕಟ್ಟೆಗೆ ಬಂದು ಕೂತು, ದೊಡ್ಡವ್ವನನ್ನೇ ಹೆಸರು ಹಿಡಿದು ಕರೆದು, “ಕೇಳಿದೆಲ್ಲಾ?” ಎಂದ. ಅವಳು, “ಕೇಳಿದೆರಿ. ನಮ್ಮ ಮನಿ ಗ್ವಾಡಿನೂ ಕೇಳಿತ್ರಿ” ಎಂದು ಸೆರಗು ಹೊದ್ದು ಹೋದಳು. ಪತ್ತಾರನನ್ನು ಊಟಕ್ಕೆ ಕೂರಿಸಿದರು. ಆಯಿ ಸೊಸೆಯಂದಿರನ್ನು ಹಿಂದೆ ಸರಿಸಿ ತಾನೇ ಅವನಿಗೆ ಬಡಿಸಿದಳು. ಬಲಗೈ ಬೆರಳಿಗೆ ಪಟ್ಟಿಯಿದ್ದದ್ದರಿಂದ ರೊಟ್ಟಿ ಮುರಿಯಲು ಅವನು ಒದ್ದಾಡುತ್ತಿದ್ದ. ಅವಳು ರೊಟ್ಟಿಯನ್ನು ಮುರಿದು ಹಾಲಿನಲ್ಲಿ ಹಾಕಿ ಇಟ್ಟಳು.

ತೊಟ್ಟಿಲಿನ ದಿನ ಸಾರೋಟಿನಲ್ಲಿ ನರಗುಂದಕ್ಕೆ ಹೋದೆವು. ಕಾಕಾ ಎತ್ತಿನ ಗಾಡಿಗಿಂತ ನಿಧಾನವಾಗಿ ಓಡಿಸಿದ.

ಮುಂಬಯಿಯಲ್ಲಿ ಎರಡನೆಯ ವರ್ಷ ಓದುವಾಗ ನನ್ನ ಕೋಣೆಯ ಕಿಟಕಿಯ ಗಾಜು ಒಡೆಯಿತು. ಹೊಸದು ಹಾಕಲು ಬಂದವನು ತುದಿಗೆ ವಜ್ರದ ಚೂರಿದ್ದ ಕಡ್ಡಿಯಿಂದ ಗಾಜಿನ ಮೇಲೆ ಒಂದು ಗೆರೆ ಎಳೆದ, ಕೆಳಗಿನಿಂದ ಒಮ್ಮೆ ತಟ್ಟಿದ, ಗಾಜು ಎರಡಾಯಿತು. ಬೀಡಿ ಹೊತ್ತಿಸುವಷ್ಟು ಹೊತ್ತೂ ಹಿಡಿಯಲಿಲ್ಲ. ಅವನ ಬೆರಳಿಗೆ ಏನೂ ಆಗಿರಲಿಲ್ಲ. ಮುರಿದ ಅಂಚು ನೀರಿನಂತೆ ನುಣುಪಾಗಿತ್ತು. ನಾನು ಅದನ್ನು ಮುಟ್ಟುತ್ತ, ಪತ್ತಾರನಿಗೆ ಒಂದು ವಾರ ಏಕೆ ಬೇಕಾಯಿತು ಎಂದು ಯೋಚಿಸಿದೆ.

ಆ ರಜೆಗೆ ರೋಣಕ್ಕೆ ಹೋದೆ. ಸಾರೋಟು ಆಗಲೇ ಮನೆ ಬಿಟ್ಟಿತ್ತು. ಅದರ ಗಾಜನ್ನು ಮಾತ್ರ ಉಳಿಸಿಕೊಂಡು ಪಡಸಾಲೆಯ ಕಿಟಕಿಗೆ ಹಾಕಿದ್ದರು. ಒಂದು ಬದಿಯ ಪಟ್ಟಿ ಸಡಿಲಾಗಿ ಅಂಚು ಕಾಣುತ್ತಿತ್ತು. ಬೆರಳಾಡಿಸಿದೆ. ಇಲಿ ಕಡಿದಂತೆ ಸಣ್ಣ ಸಣ್ಣ ಹಲ್ಲುಗಳು, ಅವುಗಳ ಮೇಲೆ ಮರಳುಕಲ್ಲಿನಿಂದ ತಿಕ್ಕಿದ ಮಬ್ಬು. ಅಂಚಿನ ಉದ್ದಕ್ಕೂ ಹಾಗೆಯೇ. ಎರಡು ಬೆರಳಿನಷ್ಟು ಗಾಜನ್ನು ಪತ್ತಾರ ಚೂರು ಚೂರಾಗಿ ಚಿವುಟಿ, ನೀರು ಹಾಕಿ ತಿಕ್ಕಿ ತೆಗೆದಿದ್ದ. ವಜ್ರದಿಂದ ಕೊರೆದ ಮೇಲೂ ಅಂಚು ಚುಚ್ಚದಿರಲೆಂದು ತಿಕ್ಕಿರಬಹುದಲ್ಲ ಎಂದು ನನಗೆ ನಾನೇ ಕೇಳಿಕೊಂಡೆ. ಇರಬಹುದು. ಆದರೆ ಆ ಹಲ್ಲುಗಳು?

ಕಾಕಾನನ್ನು ಕೇಳಿದೆ. ಅವನು ಅಂಚನ್ನು ನೋಡಿ, “ಮತ್ತ ಮುಚ್ಚಿಬಿಡು” ಎಂದ. ಆಮೇಲೆ ನಾನು ಎಣಿಸಿರದ ಮಾತೊಂದನ್ನು ಹೇಳಿದ. ಗಾಜನ್ನು ಗಜೇಂದ್ರಗಡಕ್ಕೆ ಒಯ್ಯುವ ಮಾತು ಪತ್ತಾರನದಲ್ಲವಂತೆ. “ಅವ ಬಾಯಿ ತಗ್ಯೂದಕ್ಕಿಂತ ಮೊದಲ ನಮ್ಮವ್ವ ಅಂದಿದ್ಲು. ಮೂಗುತಿ ಅವನ ಕೈಯಾಗ ಇಡೂಮುಂದನ. ನಾ ಬಾಜೂಕ ನಿಂತಿದ್ದೆ.” ನನ್ನ ನೆನಪಿನಲ್ಲಿ ಆ ಮಾತಾಡುವುದು ಪತ್ತಾರನ ದನಿ, ಗಾಳಿಯ ನೆಪ ಹೇಳುವುದೂ ಅವನೇ. ಕಾಕಾ ಗಾಡಿ ಹಸಿರೆಂದು ಮಗಳಿಗೆ ಹೇಳಿಕೊಟ್ಟವನು. ಅವನ ನೆನಪಿಗೂ ನಾನು ಹೊಣೆಯಲ್ಲ. ಆದರೆ ಅವನು ಹೇಳಿದ್ದು ಖರೆಯಾಗಿದ್ದರೆ, ಪತ್ತಾರ ಉಸಿರು ಬಿಟ್ಟು ನೋಡುವ ಮೊದಲೇ, ಬಹುಶಃ ಎಷ್ಟೋ ವರ್ಷ ಮೊದಲೇ ಆಯಿಗೆ ಹರಳಿನ ನಿಜ ಗೊತ್ತಿತ್ತು.

ಮಧ್ಯಾಹ್ನ ಮುತ್ಯಾ ಪಡಸಾಲೆಯಲ್ಲಿ ಮಲಗಿದ್ದ, ಆಯಿ ಒಳಗೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನು ಎದುರಿಗೆ ಕೂತು ಕೇಳಿದೆ. ಅವಳ ಕೈ ನಿಂತಿತು. ಪಡಸಾಲೆಯ ಕಡೆ ಒಮ್ಮೆ ನೋಡಿ ಮತ್ತೆ ಜೋಳ ಕೇರತೊಡಗಿದಳು. ಮುಂದೆ ಆರು ವರ್ಷ ಬದುಕಿದ್ದಳು. ಆ ಮಾತಿಗೆ ತಿರುಗಿ ಬರಲಿಲ್ಲ, ನಾನೂ ಎರಡನೆಯ ಸಲ ಕೇಳಲಿಲ್ಲ. ನಾನು ಕೇಳಿದ ಪ್ರಶ್ನೆಯನ್ನು ಅಂದೇ ಸಂಜೆ ದಿನಚರಿಯಲ್ಲಿ ಬರೆದಿಟ್ಟಿದ್ದೆ. ಈಗ ಅದನ್ನು ನೋಡಿಯೇ ಇಲ್ಲಿ ಇಳಿಸುತ್ತಿದ್ದೇನೆ:

“ಆಯಿ, ಅವತ್ತ ಗಾಜ ಗಜೇಂದ್ರಗಡಕ್ಕ ಒಯ್ಯಿ ಅಂತ ಮೊದಲ ಅಂದವ್ರು ಯಾರು, ಪತ್ತಾರನೋ, ನೀನೋ?”