ಗಂಟೆ ಬಾರಿಸಿದ ಮೇಲಿನ ಮರ್ಯಾದೆ

ಇಂದುಜಾಳ ಬಲಗೈಯ ಎರಡು ಬೆರಳು ಈಗ ಮಡಚುವುದಿಲ್ಲ. ಅವು ಮುರಿದದ್ದು ತಮಿಳುನಾಡಿನ ಕಂಬಂ ಊರಿನ ದ್ರಾಕ್ಷಿ ಮಂಡಿಯಲ್ಲಿ, ಹಾಡಹಗಲು, ಸ್ವಂತ ಊರಿನ ರೈತರ ಕಣ್ಣೆದುರು.

ಹತ್ತಿರದ ಹನುಮಂತನಪಟ್ಟಿಯ ಹುಡುಗಿ ಅವಳು. ಅಪ್ಪ ಮೂಕಯ್ಯನಿಗೆ ಪನ್ನೀರ್ ಜಾತಿಯ ದ್ರಾಕ್ಷಿಯ ತೋಟ. ಮಂಡಿಯ ಆನ್‌ಲೈನ್ ಹರಾಜನ್ನು ನಡೆಸುವುದು ಅವಳ ಕೆಲಸ. ವ್ಯಾಪಾರಿಗಳು ಫೋನಿನಲ್ಲೇ ಬೆಲೆ ಕೂಗುತ್ತಾರೆ, ಗಂಟೆ ಬಾರಿಸುತ್ತದೆ, ಹೆಚ್ಚು ಕೂಗಿದವರಿಗೆ ಮಾಲು. ಜಾವಾದಲ್ಲಿ ಬರೆದ ಆ ಅಪ್ಲಿಕೇಶನ್ ಹಳೆಯದೊಂದು ಕಂಟೇನರಿನಲ್ಲಿ ಓಡುತ್ತಿತ್ತು. ಕಂಟೇನರ್ ಅಂದರೆ ಅಪ್ಲಿಕೇಶನ್ನನ್ನು ಒಳಗಿಟ್ಟುಕೊಂಡು ನಡೆಸುವ ಸರ್ವರ್ ತಂತ್ರಾಂಶ. ಪ್ರತಿ ಕೂಗೂ ಅದನ್ನು ದಾಟಿಯೇ ಒಳಗೆ ಹೋಗಬೇಕು. ಹಳೆಯದು ಮತ್ತೆ ಮತ್ತೆ ಕುಸಿದು ಬೀಳುತ್ತಿತ್ತು.

“ಹೊಸದಕ್ಕೆ ಬದಲಾಯಿಸಿಬಿಡು ತಾಯಿ,” ಎಂದ ಮಂಡಿ ಯಜಮಾನ ಬಾಲಮುರುಗನ್.

ಅವಳು ಅಪ್ಲಿಕೇಶನ್ನನ್ನು ಎತ್ತಿ ಟಾಮ್‌ಕ್ಯಾಟ್ ಎಂಬ ಹೊಸ ಕಂಟೇನರಿಗೆ ಸಾಗಿಸಿದಳು. ಮೊದಲ ದಿನವೇ ರಕ್ತ ಹರಿಯಿತು.

ಅಂದಿನ ಒಳ್ಳೆಯ ಮಾಲು ಪಾಂಡೀಶ್ವರಿ ಎಂಬ ಸಣ್ಣ ವ್ಯಾಪಾರಿಗೆ ಬಿತ್ತು. ದೊಡ್ಡ ವ್ಯಾಪಾರಿ ಮನೆಯ ರಾಜಾ ಅವಳ ಕೂದಲು ಹಿಡಿದು ಕ್ರೇಟುಗಳ ಮೇಲೆ ಎಳೆದಾಡಿದ. ಅವಳ ತುಟಿ ಒಡೆಯಿತು. ಆಮೇಲೆ ಇಂದುಜಾಳ ಮೇಜಿಗೆ ಬಂದ.

“ನಮ್ಮ ಕೂಗು ಎಲ್ಲಿ ಹೋಯ್ತು ಹುಡುಗಿ?”

“ಗಂಟೆ ಆದಮೇಲೆ ಬಂತಣ್ಣಾ. ಹೊಸದು ತಳ್ಳಿಬಿಡ್ತು.”

“ಇಷ್ಟು ದಿನ ತಳ್ಳಲಿಲ್ಲವಲ್ಲ. ಹಳೇದನ್ನ ತೆಗೆದು ನೋಡು.”

ನೋಡಿದಳು. ಅಪ್ಲಿಕೇಶನ್ನಿನಲ್ಲಲ್ಲ, ಹಳೆಯ ಕಂಟೇನರಿನ ಸ್ವಂತ ಹೊಟ್ಟೆಯಲ್ಲೇ ಒಂದು ಪುಟ್ಟ ಫಿಲ್ಟರ್ ಕೂತಿತ್ತು. ಆ ಮನೆಯ ಕೂಗು ತಡವಾಗಿ ಬಂದರೂ ಗಂಟೆಗೆ ಮುಂಚಿನ ಸಮಯದ ಮುದ್ರೆ ಒತ್ತಿ ಒಳಗೆ ಬಿಡುವುದು ಅದರ ಕೆಲಸ. ಬೇರೆಯವರ ಬೆಲೆ ನೋಡಿಕೊಂಡು, ಚೂರೇ ಚೂರು ಮೇಲೆ ಕೂಗಿದರಾಯಿತು; ಮತ್ತೆ ಏರಿಸಲು ಯಾರಿಗೂ ಅವಕಾಶವಿಲ್ಲ, ರೈತನ ಬೆಲೆ ಅಲ್ಲೇ ನಿಂತುಬಿಡುತ್ತಿತ್ತು. ಟವೆಲಿನಡಿ ಕೈ ಹಿಡಿದು ಬೆರಳ ಸನ್ನೆಯಲ್ಲೇ ಬೆಲೆ ಕಟ್ಟುತ್ತಿದ್ದ ಕಾಲದಲ್ಲಿ ಕೊನೆಯ ಮಾತು ಆ ಮನೆಯದಾಗಿತ್ತು. ಅದಕ್ಕೆ ಮರ್ಯಾದೆ ಎನ್ನುತ್ತಿದ್ದರು. ಕಂಪ್ಯೂಟರ್ ಬಂದಾಗ ಅದು ಹೋಯಿತೆಂದು ರೈತರು ನಂಬಿದ್ದರು. ಬಾಲಮುರುಗನ್ ದಿಂಡಿಗಲ್ಲಿನಿಂದ ಯಾರನ್ನೋ ಕರೆಸಿ ಅದನ್ನೇ ಕಂಟೇನರಿನೊಳಗೆ ಹೂತಿಡಿಸಿದ್ದ. ಹಳೆಯದು ಹೋದರೆ ಅದೂ ಹೋಗುತ್ತದೆಂದು ಅವನಿಗೆ ಹೊಳೆದಿರಲಿಲ್ಲ.

“ಅದನ್ನ ಹೊಸದರಲ್ಲೂ ಇಡು,” ಎಂದ ರಾಜಾ.

ಅವಳು ಕದಲಲಿಲ್ಲ. ಮೂಕಯ್ಯ ಓಡಿಬಂದ. “ಇಟ್ಟುಬಿಡು ಮಗಳೆ. ನಾಳೆ ನಮ್ಮ ಹಣ್ಣು ಯಾರು ತಗೋತಾರೆ?”

“ಏನಿಡಬೇಕೂಂತ ನಿನಗೆ ಗೊತ್ತಾ ಅಪ್ಪಾ?”

“ನನಗ್ಯಾಕೆ ಅದು? ಇಡು ಅಂದ್ರೆ ಇಡು.”

ಅವಳು ಕೀಬೋರ್ಡಿನಿಂದ ಕೈ ತೆಗೆಯುವಷ್ಟರಲ್ಲಿ ರಾಜಾ ಕಬ್ಬಿಣದ ತೂಕದ ಬಟ್ಟನ್ನು ಎತ್ತಿ ಆ ಕೈ ಮೇಲೆ ಕುಕ್ಕಿದ. ಎಲುಬು ಮುರಿದ ಸದ್ದು ತೂಕದ ಕಟ್ಟೆಯವರೆಗೂ ಕೇಳಿಸಿತು. ಯಾರೂ ಏಳಲಿಲ್ಲ. ಒಬ್ಬ ತನ್ನ ವ್ಯಾನ್ ಕಾಯುತ್ತಿದೆ ಎಂದು ಮುಖ ತಿರುಗಿಸಿದ. ಬಾಲಮುರುಗನ್ ಬೀದಿಗೆ ಕಾಣದಂತೆ ಶಟರನ್ನು ಅರ್ಧ ಇಳಿಸಿದ. ಹೆತ್ತ ಅಪ್ಪ ನೆಲ ನೋಡಿದ.

ಇಂದುಜಾ ಹಲ್ಲು ಕಚ್ಚಿಕೊಂಡೇ ಹೇಳಿದಳು: “ಇಡ್ತೀನಣ್ಣಾ. ಏನಿಡಬೇಕೋ ಜೋರಾಗಿ ಹೇಳಿ. ಇವರಿಗೂ ಕೇಳಲಿ.”

ರಾಜಾನಿಗೆ ನಾಚಿಕೆಯಿರಲಿಲ್ಲ. ಮರ್ಯಾದೆಯನ್ನು ಯಾರಾದರೂ ಮುಚ್ಚಿಡುತ್ತಾರೆಯೇ? ರೈತರ ಕಡೆ ತಿರುಗಿ ಎದೆಯುಬ್ಬಿಸಿ ಹೇಳಿದ: “ಗಂಟೆ ಆದಮೇಲೂ ನಮ್ಮ ಮನೆ ಕೂಗು ಸೇರಬೇಕು. ತಾತನ ಕಾಲದ್ದು. ಈ ಮಿಷಿನ್ ಒಳಗೂ ಇತ್ತು.”



“ಮಿಷಿನ್ ಒಳಗೂ ಇತ್ತಾ?” ಎಂದು ಮೂಕಯ್ಯ ಮೆಲ್ಲಗೆ ಕೇಳಿದ. ಅವನ ಕೈಯಿಂದಲೇ ಮೊದಲ ಕ್ರೇಟು ಹಾರಿ ರಾಜಾನ ಮುಖಕ್ಕೆ ಬಡಿಯಿತು. ಆಮೇಲೆ ಎಲ್ಲರೂ ಮೇಲೆ ಬಿದ್ದರು. ಚಪ್ಪಲಿ, ತಕ್ಕಡಿಯ ಸರಪಳಿ, ಕಾಲು. ರಾಜಾನ ದವಡೆ ಕಳಚಿತು. ಶಟರಿನಡಿ ನುಸುಳುತ್ತಿದ್ದ ಬಾಲಮುರುಗನ್ನನ್ನು ಕಾಲು ಹಿಡಿದು ಒಳಗೆಳೆದರು.

ಇದನ್ನು ನ್ಯಾಯ ಎನ್ನಲು ನನ್ನಿಂದಾಗದು. ಒಬ್ಬ ಹೆಂಗಸಿನ ತುಟಿ ಒಡೆದಾಗ ಏಳದವರು, ಒಬ್ಬಳ ಬೆರಳು ಮುರಿದಾಗ ಏಳದವರು, ತಮ್ಮ ಹಣ್ಣಿನ ಬೆಲೆ ಎಂದೊಡನೆ ಹುಲಿಗಳಾದರು.

ಆ ಗದ್ದಲದಲ್ಲೇ ಇಂದುಜಾ ಎಡಗೈಯಿಂದ ಹಳೆಯ ಕಂಟೇನರನ್ನು ಶಾಶ್ವತವಾಗಿ ನಿಲ್ಲಿಸಿದಳು. ಪಾಂಡೀಶ್ವರಿ ಸೆರಗು ಹರಿದು ಅವಳ ಕೈಗೆ ಸುತ್ತಿದಳು. ಏದುಸಿರು ಬಿಡುತ್ತ ಮೂಕಯ್ಯ ಬಂದ.

“ಬಾ ಮಗಳೆ, ಆಸ್ಪತ್ರೆಗೆ ಹೋಗೋಣ.”

“ಈ ಅಕ್ಕನ ಜೊತೆ ಹೋಗ್ತೀನಿ. ನೀ ನಿನ್ನ ಹಣ್ಣಿನ ಲೆಕ್ಕ ಮುಗಿಸ್ಕೊಂಡು ಬಾ ಅಪ್ಪಾ.”