ಟಿಫಿನ್ ಡಬ್ಬಿಯಲ್ಲಿ ಬಂದ ನುಸಿಗಳು

ಹೋದ ತಿಂಗಳು ನಾನು ಬೆಂಗಳೂರಿಂದ ಚಿಕ್ಕಜಾಜೂರಿನ ಅಕ್ಕನ ಮನೆಗೆ ಟಿಫಿನ್ ಡಬ್ಬಿ ತುಂಬ ನುಸಿ ತುಂಬಿಕೊಂಡು ಹೋದೆ. ರೈಲಿನಲ್ಲಿ ಪಕ್ಕದವರು ಕೇಳಿದರು, "ಏನ್ರಿ ಅದು, ಚಿತ್ರಾನ್ನವಾ?" ನಿಜ ಹೇಳಿದೆ. ಹೇಳಬಾರದಿತ್ತು. ತುಮಕೂರು ಬರುವಷ್ಟರಲ್ಲಿ ಇಡೀ ಸೀಟು ನನ್ನದೇ!

ಮಲೇರಿಯಾದವರು ಮನೆಮನೆಗೆ ಡಿ.ಡಿ.ಟಿ. ಹೊಡೆಯುತ್ತಿರುವ ಈ ಕಾಲದಲ್ಲಿ ಇವನ್ಯಾಕೆ ಹುಳ ಹೊತ್ತು ತಂದ ಅಂತೀರಾ? ನಮ್ಮಕ್ಕನ ಬದನೆ ಗಿಡಕ್ಕಾಗಿ.

ನಮ್ಮವ್ವ ಬೆಳೆಯುತ್ತಿದ್ದ ಬಿಳಿ ಗೆರೆಯ ಬದನೆ ಅದು. ಅವ್ವ ಹೋದ ಮೇಲೆ ಬೀಜ ಉಳಿದದ್ದು ಅಕ್ಕನ ಹತ್ತಿರ ಮಾತ್ರ. ಒಂದು ಕಾಯಿಯನ್ನು ಗಿಡದಲ್ಲೇ ಹಣ್ಣಾಗಲು ಬಿಟ್ಟು, ಆಮೇಲೆ ಒಲೆಯ ಮೇಲೆ ಹೊಗೆಗೆ ಕಟ್ಟಿ ಬೀಜ ಉಳಿಸೋದು ನಮ್ಮ ಮನೆ ಪದ್ಧತಿ. ಹೋದ ಸಲ ಕಟ್ಟಿದ್ದು ಇಲಿ ಪಾಲಾಯಿತು. ಈಗಿರೋದು ನಾಲ್ಕೇ ಗಿಡ. ಇವು ಹೋದರೆ ಅವ್ವನ ಬದನೆಯೂ ಹೋದಂತೆ.

ರೈಲ್ವೆಯಲ್ಲಿರುವ ಭಾವ ಆ ಗಿಡಗಳಿಗೆ ಗಾಜಿನ ಮನೆ ಕಟ್ಟಿದ್ದರು. (ಗುಜರಿಯಲ್ಲಿ ಕೊಂಡ ಹಳೇ ಕಿಟಕಿ ಗಾಜು. ಆದರೂ 'ಗ್ಲಾಸ್ ಹೌಸ್' ಅನ್ನಬೇಕು, ಇಲ್ಲಾಂದ್ರೆ ಸಿಟ್ಟು.) "ಆಡು ಬರಲ್ಲ, ಗಾಳಿ ಬರಲ್ಲ" ಅಂತ ಮೀಸೆ ತಿರುವಿದರು. ಬಂದದ್ದು ಕೆಂಪು ನುಸಿ, ಕಣ್ಣಿಗೆ ಚುಕ್ಕಿಯಂತೆ ಕಾಣೋ ಹುಳ. ಒಣ ಸೆಕೆ ಅಂದ್ರೆ ಅದಕ್ಕೆ ಪ್ರಾಣವಂತೆ! ಎಲೆ ಹಿಂದೆ ಬಲೆ ಕಟ್ಟಿ, ರಸ ಹೀರಿ, ಗಿಡ ಬಿಳಿಚಿಕೊಳ್ಳುವ ಹಾಗೆ ಮಾಡಿತು. ಅಕ್ಕ ಬೂದಿ ಎರಚಿದಳು. ಡಿ.ಡಿ.ಟಿ. ಪುಡಿ ಎರಚಿದಳು. ನುಸಿ ಇನ್ನೂ ಹೆಚ್ಚಾಯಿತು.

ಕೃಷಿ ಕಾಲೇಜಿನಲ್ಲಿ ಪಾಠ ಮಾಡುವ ಗೆಳೆಯನನ್ನು ಕೇಳಿದೆ. "ನುಸಿ ತಿನ್ನೋ ನುಸಿ ಇದಾವೆ. ನಿಮ್ಮ ಪುಡಿಗೆ ಅವೇ ಮೊದಲು ಸತ್ತಿವೆ. ಗಿಡ ಚೆನ್ನಾಗಿ ತೊಳೆದು ಇವನ್ನ ಬಿಡಿ" ಅಂತ ಅವರೆ ಎಲೆಗಳ ಮೇಲೆ ಒಂದಷ್ಟು ಕೊಟ್ಟ.

ಅಕ್ಕ ಡಬ್ಬಿ ತೆಗೆದು ನೋಡಿದಳು. "ಲೇ, ಇರೋ ನುಸಿ ಸಾಲ್ದು ಅಂತ ಹೊಸಾವು ತಂದಿಯಾ? ತಲೆ ನೆಟ್ಟಗೈತಾ ನಿಂಗೆ?"

"ಇವು ಆ ನುಸಿ ತಿಂತಾವೆ ಕಣಕ್ಕ."

"ಅವು ಮುಗುದ್ ಮ್ಯಾಲೆ ಏನ್ ತಿಂತಾವಪ್ಪ?"

ಅದನ್ನ ಗೆಳೆಯನನ್ನು ಕೇಳೋದೇ ಮರೆತಿದ್ದೆ. ಗಿಡ ತೊಳೆದು, ಒಣಗಿದ ಮೇಲೆ ಅವರೆ ಎಲೆಗಳನ್ನು ಅದರ ಮೇಲಿಟ್ಟೆ.

ಬೆಳಿಗ್ಗೆ ನೋಡ್ತೀನಿ, ಎಲೆಗಳೇ ಇಲ್ಲ! ಬಾಡಿದ ಎಲೆ ಗಿಡದ ಮೇಲಿದ್ದರೆ ಅಕ್ಕನಿಗೆ ಆಗೋದಿಲ್ಲ. ಎದ್ದವಳೇ ಅಭ್ಯಾಸಬಲದಿಂದ ಎಲ್ಲ ಆರಿಸಿ ನೀರೊಲೆಗೆ ಹಾಕಿದ್ದಳು. ನಾನು ತಲೆ ಮೇಲೆ ಕೈ ಹೊತ್ತು ಕುಂತೆ. ಅಕ್ಕನ ಕಣ್ಣಲ್ಲಿ ನೀರು. "ಅವ್ವನ ಬದ್ನೆ ನನ್ನ ಕೈಯಾಗೇ ಹೋಯ್ತಲ್ಲೋ" ಅಂದಳು.

ಭಾವ ಮಾತ್ರ ಟೈಮ್ ಟೇಬಲ್ ಓದುವ ಭೂತಗನ್ನಡಿ ತಂದು ಬದನೆ ಎಲೆ ಮಗುಚಿದರು. "ಏ, ಇಲ್ ಬಾರಪ್ಪ! ಒಂದು ಓಡ್ತೈತೆ! ಆಗ್ಲೇ ಇಳ್ಕಂಡಾವೆ!" ನಾನೂ ನೋಡಿದೆ. ಹಳೇ ನುಸಿಗಳು ಕುಂತಲ್ಲೇ ಕುಂತಿದ್ದವು. ಹೊಸದು ಟಿಕೆಟ್ ಕಲೆಕ್ಟರ್ ಥರ ಒಂದೊಂದನ್ನೂ ಮುಟ್ಟಿ ನೋಡುತ್ತಾ ಸರಸರ ಓಡಾಡುತ್ತಿತ್ತು.

ಆಮೇಲೆ ನಮ್ಮ ಕೆಲಸ? ಸುಮ್ಮನಿರೋದು. ಅದಕ್ಕಿಂತ ಕಷ್ಟದ್ದು ಇದೆಯೇನ್ರಿ? ಹೊಟ್ಟೆ ನೋವಿಗೆ ಮಾತ್ರೆ, ತಿಗಣೆಗೆ ಪುಡಿ ಅಂತ ಕಲಿತ ಕೈ ಇದು, ಸುಮ್ಮನಿರುತ್ತಾ? ಅಕ್ಕ ಡಿ.ಡಿ.ಟಿ. ಡಬ್ಬಿಯನ್ನು ನನ್ನ ಕೈಗೇ ತುರುಕಿದಳು. "ದುರ್ಗಕ್ಕೆ, ನಿನ್ ಮನೆಗೆ ತಗಂಡ್ ಹೋಗು. ಇಲ್ಲಿದ್ರೆ ಎರಚ್‌ಬಿಡ್ತೀನಿ."

ಮೊನ್ನೆ ಮತ್ತೆ ಹೋಗಿದ್ದೆ. ಗಿಡದ ತುದಿಯಲ್ಲೆಲ್ಲ ಹಸಿರು ಚಿಗುರು. ಒಂದು ಕಾಯಿ ಹಳದಿಗೆ ತಿರುಗಿದೆ. ಯಾರೂ ಕೀಳದ ಹಾಗೆ ಅಕ್ಕ ಅದಕ್ಕೆ ಕೆಂಪು ದಾರ ಕಟ್ಟಿದ್ದಾಳೆ. ಎಷ್ಟು ಖುಷಿಯಾಯಿತು ಗೊತ್ತಾ? ಆದರೆ ಮೂಲೆಯ ಕುಂಡದಲ್ಲೊಂದು ಅವರೆ ಗಿಡ. ಅದರ ಮೈತುಂಬ ಕೆಂಪು ನುಸಿ!

"ಅಕ್ಕಾ, ಕಿತ್ತು ಬಿಸಾಕು ಇದನ್ನ!"

"ಮುಟ್‌ಬ್ಯಾಡ. ನಾನೇ ಸಾಕಿರೋದು."

"ನುಸಿನಾ?"

"ಮತ್ತೆ? ಬದ್ನೆ ಮ್ಯಾಲಿಂದೆಲ್ಲ ಮುಗೀತು. ಅವ್ವನ ಗಿಡ ಉಳ್ಸಿದೋರನ್ನ ಉಪಾಸ ಕೆಡವ್ಲೇನೋ?"

ಎಲ್ಲಾ ಸರಿ. ಅವರನ್ನು ಬೆಂಗಳೂರಿಂದ ಹೊತ್ತು ತಂದವನಿಗೆ ಅವತ್ತು ಒಂದು ಲೋಟ ಕಾಫಿಯಾದರೂ ಯಾರಾದರೂ ಕೊಟ್ಟರಾ?