ಮೋರಟಗಿಯವನ ಜೋಡಿ ಓಡಿಸಿದ ರೇಸ್

ಚೀಟಿ ಬಿಚ್ಚಿ ನೋಡಿದಾಗ ಹನ್ನೊಂದು ಎಂದಿತ್ತು. ತಲೆ ಎತ್ತಿದರೆ, ಅದೇ ಅಂಕಿಯ ಇನ್ನೊಂದು ಚೀಟಿ ಹಿಡಿದು ನಿಂತವನು ಮೋರಟಗಿಯವನು. ಆ ಬಯಲಿನಲ್ಲಿದ್ದ ನಲವತ್ತು ಜನರಲ್ಲಿ ಯಾರಾದರೂ ಆಗಬಹುದಿತ್ತು, ಅವನೊಬ್ಬನನ್ನು ಬಿಟ್ಟು.

ತೊಂಬತ್ತರ ದಶಕದ ಕೊನೆಯ ಮಾತು. ಮೋಟಾರ್ ಸೈಕಲ್ ಮೇಲೆ ಇಂಡಿಯಿಂದ ಹೊರಟು ಆಲಮೇಲ, ಸಿಂದಗಿ, ಮೋರಟಗಿ ಹಾಯ್ದು, ಡೋಣಿ ಹೊಳೆ ದಾಟಿ, ಮುದ್ದೇಬಿಹಾಳದ ಕಲ್ಲುಗುಡ್ಡ ಹತ್ತಿಳಿದು, ಹೊತ್ತು ಮುಳುಗುವುದರೊಳಗೆ ಬಸವನ ಬಾಗೇವಾಡಿ ಮುಟ್ಟಬೇಕು. ಡಾಂಬರು ರಸ್ತೆ ಹಿಡಿಯುವಂತಿಲ್ಲ. ಚಕ್ಕಡಿ ದಾರಿ, ಹಳ್ಳ, ಬದುವುಗಳೇ ದಾರಿ. ಇಬ್ಬಿಬ್ಬರದು ಒಂದು ಜೋಡಿ, ಗಾಡಿ ಬೇರೆ ಬೇರೆ. ಒಬ್ಬ ಬಿದ್ದರೆ ಎತ್ತಲು ಇನ್ನೊಬ್ಬ ಇರಲಿ ಎಂದು ಆ ನಿಯಮ. ದಾರಿಯ ನಡುವಿನ ಠಾಣ್ಯಗಳಲ್ಲಿ ಇಬ್ಬರೂ ಐದು ನಿಮಿಷದ ಅಂತರದೊಳಗೆ ಬಂದು ಕೈಯ ಮೇಲೆ ಶಿಕ್ಕಾ ಹೊಡೆಸಿಕೊಳ್ಳಬೇಕು. ಒಬ್ಬ ತಪ್ಪಿದರೆ ಇಬ್ಬರೂ ಹೊರಗೆ.

ರೇಸ್ ನಡೆಸುತ್ತಿದ್ದ ನಿವೃತ್ತ ಹವಾಲ್ದಾರರ ಹತ್ತಿರ ಹೋಗಿ ಜೋಡಿ ಬದಲಿಸಿ ಎಂದೆ. ಅವರು ನನ್ನನ್ನೊಮ್ಮೆ, ಅವನನ್ನೊಮ್ಮೆ ನೋಡಿದರು.

"ನಿಮಗೇನ ಲಗ್ನಾ ಮಾಡಾಕತ್ತಿಲ್ರಿ. ಗಾಡಿ ಹೊಡಿಯಾಕ ಬಂದೀರಿ. ಬ್ಯಾಡಂದ್ರ ಮನಿಗೆ ಹೋಗ್ರಿ."

ಹೋಗಬೇಕಿತ್ತು. ಹೋಗಲಿಲ್ಲ.

ಮೂರು ವರ್ಷದ ಹಿಂದೆ ನನ್ನ ತಮ್ಮ ಮತ್ತು ಈ ಮೋರಟಗಿಯವನು ಒಂದೇ ಗಾಡಿಯ ಮೇಲೆ ಸಿಂದಗಿಯಿಂದ ಬರುವಾಗ ಹಳ್ಳದ ಸಿಡಿಯಿಂದ, ಆ ಕಿರುಸೇತುವೆಯಿಂದ, ಕೆಳಗೆ ಬಿದ್ದಿದ್ದರು. ಇವನಿಗೆ ಮೊಣಕೈ ತರಚಿತ್ತು. ತಮ್ಮನ ಬಲ ಮೊಣಕಾಲು ಚೂರಾಗಿತ್ತು. ಪೊಲೀಸ್ ಭರ್ತಿಗೆಂದು ದಿನಾ ನಸುಕಿನಲ್ಲಿ ಓಡುತ್ತಿದ್ದ ಹುಡುಗ ಕೋಲು ಹಿಡಿದ. ಅವನು ಬಿಜಾಪುರದ ದವಾಖಾನೆಯಲ್ಲಿ ಎಚ್ಚರ ತಪ್ಪಿ ಮಲಗಿದ್ದಾಗಲೇ, ಗಾಡಿ ಓಡಿಸುತ್ತಿದ್ದವನು ನನ್ನ ತಮ್ಮನೇ ಎಂದು ಇವನು ಪೊಲೀಸರ ಮುಂದೆ ಬರೆಸಿಬಿಟ್ಟಿದ್ದ. ಎಚ್ಚರಾದ ಮೇಲೆ ತಮ್ಮ, ತಾನು ಹಿಂದೆ ಕೂತಿದ್ದೆ ಎಂದ. ಕಾಗದ ಬದಲಾಗಲಿಲ್ಲ.

ನಾನು ದನದ ದವಾಖಾನೆಯಲ್ಲಿ ಕಂಪೌಂಡರ್. ಔಷಧಿ ಪೆಟ್ಟಿಗೆ ಕಟ್ಟಿಕೊಂಡು ಊರೂರು ತಿರುಗುವುದು ನನ್ನ ಕೆಲಸ. ಎರೆ ಭೂಮಿಯಲ್ಲಿ ಗಾಡಿ ಓಡಿಸಲು ಯಾರೂ ನನಗೆ ಕಲಿಸಬೇಕಿರಲಿಲ್ಲ. ಆದರೂ ಈ ರೇಸಿಗೆಂದು ಒಂದು ವರ್ಷ ಬೆವರು ಸುರಿಸಿದ್ದೆ. ತಮ್ಮ ಅಂಗಳದಲ್ಲಿ ಸ್ಟೂಲಿನ ಮೇಲೆ ಕೂತು, ಕಾಲು ಚಾಚಿಕೊಂಡು, ಕಾರ್ಬೊರೇಟರ್ ಬಿಚ್ಚಿ ತೊಳೆದು ಕೊಟ್ಟಿದ್ದ. ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಸಿಕ್ಕಿಕೊಳ್ಳುತ್ತದೆಂದು ಮುಂದಿನ ಮಡ್‌ಗಾರ್ಡನ್ನೂ ಅವನೇ ಬಿಚ್ಚಿಟ್ಟಿದ್ದ. ಹಾಗಾಗಿ ನಾನು ಮನೆಗೆ ಹೋಗಲಿಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ನನಗೆ ಗೆಲ್ಲಬೇಕಿತ್ತು.

ಹೊರಟ ಮೊದಲ ಗಳಿಗೆಯಿಂದಲೇ ಅವನು ನನ್ನ ಮುಂದೆ ಸೇರಿಕೊಂಡು ಹಿಂದಿನ ಗಾಲಿಯ ಕೆಸರನ್ನೆಲ್ಲ ನನ್ನ ಮುಖಕ್ಕೆ ಎರಚಿದ. ಹಿಂದಿನ ವಾರ ಮಳೆಯಾಗಿತ್ತು. ಆಲಮೇಲದ ಕಬ್ಬಿನ ಗದ್ದೆಗಳ ನಡುವಿನ ದಾರಿ ಅಂಟಿನಂತಿತ್ತು. ನಾನು ಸಂದು ಸಿಕ್ಕಾಗ ಅವನನ್ನು ಹಿಂದೆ ಹಾಕಿ ಅದೇ ಕೆಸರನ್ನು ಅವನಿಗೆ ಉಣಿಸಿದೆ. ಮೂವತ್ತು ಮೈಲಿ ನಾವು ಆಡಿದ ಮಾತು ಇಷ್ಟೇ.

ಸಿಂದಗಿ ಹಿಂದೆ ಬಿದ್ದ ಮೇಲೆ ಅವನು ದಾರಿ ಉಳಿಸಲು ಹೊಸದಾಗಿ ಜೋಳ ಬಿತ್ತಿದ ಹೊಲದ ನಟ್ಟನಡುವೆ ನುಗ್ಗಿದ. ಅವನ ಬೆನ್ನಿಗೇ ನಾನೂ. ಅವನು ದಾಟಿದ. ಹೊಲದ ಮುದುಕಿ ಬಡಿಗೆ ಹಿಡಿದು ನನ್ನ ಗಾಡಿಗೆ ಅಡ್ಡ ನಿಂತಳು.

"ನಿಮ್ಮ ಹೆಣಾ ಎತ್ತಲಿ! ಬಿತ್ತಿದ್ದ ಕಾಣೂದಿಲ್ಲೇನ ಕಣ್ಣಿಗೆ? ಇಳಿ ಕೆಳಗ!"

ಇಳಿದೆ. ಬದುವಿನ ಗುಂಟ ಗಾಡಿ ತಳ್ಳಿಸಿಕೊಂಡು ಬಂದಳು, ಬೆನ್ನ ಹಿಂದೆ ಬಡಿಗೆ ಬೀಸುತ್ತ. ಹೊಲದಾಚೆ ಅವನು ಗಾಡಿ ನಿಲ್ಲಿಸಿಕೊಂಡು ನಗುತ್ತಿದ್ದ. ಅವಳ ಬೈಗುಳ ನ್ಯಾಯವಾದದ್ದೇ, ಆದರೆ ನನ್ನ ಸಿಟ್ಟೆಲ್ಲ ಅವನ ಮೇಲೆ ಹೋಯಿತು.

ಮೋರಟಗಿಯ ಠಾಣ್ಯದಲ್ಲಿ ಅವನ ಮಂದಿ ಕಾಯುತ್ತಿದ್ದರು. ಅವನಿಗೆ ನೀರು, ಮಜ್ಜಿಗೆ, ಬೆನ್ನು ಚಪ್ಪರಿಸುವ ಕೈಗಳು. ನಾನು ನೀರು ಕೇಳಿದಾಗ ಒಬ್ಬ ನನ್ನ ಕಣ್ಣೆದುರೇ ತಂಬಿಗೆಯನ್ನು ನೆಲಕ್ಕೆ ಬಗ್ಗಿಸಿದ.

ಡೋಣಿಯ ದಂಡೆ ಮಳೆಗೆ ಕೊರೆದು ಆಳಾಳವಾಗಿ ಸೀಳಿತ್ತು. ಅವನು ಮುಂದೆ ಇಳಿದ. ಅರ್ಧ ಇಳಿಜಾರಿನಲ್ಲಿ ಮುಂದಿನ ಗಾಲಿ ಜಾರಿ ಗಾಡಿ ಅವನ ಮೇಲೆಯೇ ಉರುಳಿತು. ನಾನು ಇಳಿದು ಹೋಗಿ ನೋಡಿದರೆ, ಅವನ ಎಡಗಾಲು ಎಂಜಿನ್ನಿನ ಕೆಳಗೆ. ಸೈಲೆನ್ಸರ್ ಪ್ಯಾಂಟು ಸುಡುವ ವಾಸನೆ ಬರುತ್ತಿತ್ತು.

"ಎತ್ತಲೇ!" ಎಂದ.

ನಾನು ಎತ್ತಲಿಲ್ಲ. ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತೆ.

"ಆವತ್ತ ಗಾಡಿ ಯಾರು ಹೊಡಿಯಾಕತ್ತಿದ್ರು?"

"ಮೊದಲ ಎತ್ತು. ಕಾಲ ಸುಡಾಕತ್ತೈತಿ."

"ಮೊದಲ ಹೇಳು."

ಅವನು ಒದ್ದಾಡಿದ, ಬೈದ, ಮಣ್ಣು ಹಿಡಿದು ನನ್ನತ್ತ ತೂರಿದ. ನಾನು ಅಲ್ಲಾಡಲಿಲ್ಲ. ಅಷ್ಟು ಕ್ರೂರಿ ನಾನಾಗಬಲ್ಲೆ ಎಂದು ಆ ದಿನದವರೆಗೆ ನನಗೆ ಗೊತ್ತಿರಲಿಲ್ಲ. ಕಡೆಗೆ ಅವನು ಚೀರಿದ.

"ನಾನ ಹೊಡಿಯಾಕತ್ತಿದ್ನಿ! ಸಾಕೇನ? ಸಾವಕಾಶ ಹೋಗು ಅಂದ ನಿನ್ನ ತಮ್ಮ, ನಾ ಕೇಳಲಿಲ್ಲ. ನಮ್ಮಪ್ಪ ಹೀಂಗ ಹೇಳು ಅಂದ, ಹೇಳಿದ್ನಿ."

ಗಾಡಿ ಎತ್ತಿದೆ. ಅವನು ಕಾಲು ಎಳೆದುಕೊಂಡು ಕೂತ. ಮೀನಖಂಡದ ಮೇಲೆ ಅಂಗೈಯಗಲ ಚರ್ಮ ಸುಟ್ಟಿತ್ತು. ಸುಧಾರಿಸಿಕೊಂಡು ನನ್ನ ಮುಖ ನೋಡಿ ಹೇಳಿದ, "ಯಾರ ಮುಂದರ ಹೇಳು. ನಾ ಅಂದಿಲ್ಲ ಅಂತೇನಿ."

ಕಪಾಳಕ್ಕೆ ಬಾರಿಸಿದೆ. ಅವನು ಹೆಲ್ಮೆಟ್ ಬೀಸಿ ನನ್ನ ಬಾಯಿಗೆ ಹೊಡೆದ. ಆ ಕೆಸರಿನಲ್ಲಿ ಇಬ್ಬರೂ ಉರುಳಾಡಿ ಹೊಡೆದಾಡಿದೆವು. ಬಿಡಿಸಲು ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಸಾಕಾದ ಮೇಲೆ ನಾವೇ ಬಿಟ್ಟೆವು. ತುಟಿ ಒಡೆದು ರಕ್ತ ಬರುತ್ತಿತ್ತು. ಡೋಣಿಯ ನೀರಿನಲ್ಲಿ ಬಾಯಿ ತೊಳೆದರೆ ಆ ಉಪ್ಪುನೀರು ಇನ್ನಷ್ಟು ಉರಿಸಿತು. ಅಷ್ಟರಲ್ಲಿ ಮೇಲಿನ ದಂಡೆಯಲ್ಲಿ ಮತ್ತೊಂದು ಜೋಡಿಯ ಗಾಡಿಗಳ ಸದ್ದು ಕೇಳಿಸಿತು.

"ಹೋಗೂದೈತೋ ಇಲ್ಲೋ?" ಅವನು ಕೇಳಿದ.

ನಾನು ಕಿಕ್ ಹೊಡೆದೆ.

ಮುದ್ದೇಬಿಹಾಳದ ಗುಡ್ಡದಲ್ಲಿ ಗಾಲಿ ಇಟ್ಟಲ್ಲೆಲ್ಲ ಕಲ್ಲುಗಳು ಸಡಿಲಿ ಉರುಳುತ್ತಿದ್ದವು. ಏರಿನಲ್ಲಿ ನನ್ನ ಕ್ಲಚ್ ವೈರ್ ಪಟ್ಟನೆ ಹರಿಯಿತು. ನನ್ನ ಹತ್ತಿರ ಬೇರೆ ಇರಲಿಲ್ಲ. ಅವನು ತಿರುಗಿ ಬಂದು, ಸೀಟಿನ ಕೆಳಗಿಂದ ತನ್ನ ವೈರ್ ತೆಗೆದು, ನಾಯಿಗೆ ರೊಟ್ಟಿ ಒಗೆದಂತೆ ನನ್ನ ಕಾಲ ಬಳಿ ಒಗೆದ. ಬಗ್ಗಿ ಎತ್ತಿಕೊಂಡು ಹಾಕಿಕೊಂಡೆ. ಬಾಗೇವಾಡಿ ಮುಟ್ಟಿದಾಗ ಹೊತ್ತು ಇನ್ನೂ ಮೊಳದಷ್ಟಿತ್ತು. ಮೂರನೆಯ ಜೋಡಿ ನಮ್ಮದು. ಫೋಟೋಕ್ಕೆ ಕೈ ಕುಲುಕಿ ಎಂದರು. ಬೆರಳಿನ ಎಲುಬು ಮುರಿಯುವ ಹಾಗೆ ಇಬ್ಬರೂ ಹಿಚುಕಿದೆವು. ನನ್ನ ಕೈಗೆ ಬಹುಮಾನದ ಒಂದು ಢಾಲು ಬಂತು, ಅವನ ಕೈಗೆ ಇನ್ನೊಂದು.

ಮರುದಿನ ಮುಂಜಾನೆ ಮನೆ ಸೇರಿದೆ. ತಮ್ಮ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಗಾಡಿ ನಿಲ್ಲಿಸಿದ್ದೇ ತಡ ಎಲ್ಲ ಹೇಳಿದೆ. ಮೋರಟಗಿಯವನು ಒಪ್ಪಿಕೊಂಡ, ತನ್ನ ಬಾಯಿಂದಲೇ ಅಂದ, ನಾನು ಕೇಳಿಸಿಕೊಂಡೆ ಎಂದು ಏದುಸಿರು ಬಿಡುತ್ತ ಹೇಳಿದೆ. ತಮ್ಮನ ಮುಖ ಅರಳುತ್ತದೆ ಅಂದುಕೊಂಡಿದ್ದೆ.

ಅವನು ಚಹಾದ ಕಪ್ಪು ಕೆಳಗಿಟ್ಟ. "ನನಗ ಗೊತ್ತಿತ್ತಲ್ಲಣ್ಣಾ. ಹಿಂದ ಕುಂತಾಂವ ನಾನ. ಅಂವ ಹೇಳೂತನಾ ನೀ ನಂಬಿದ್ದಿಲ್ಲೇನ?"

ನಂಬಿದ್ದೇನೆ ಎಂದು ಮೂರು ವರ್ಷ ಎಲ್ಲರ ಮುಂದೆ ಹೇಳಿದ್ದೆ. ಆದರೆ ತಮ್ಮನಿಗೂ ಗಾಡಿ ಜೋರಾಗಿ ಓಡಿಸುವ ಚಟವಿತ್ತು. ಅಪ್ಪನಿಗೆ ಹೆದರಿ ಸುಳ್ಳು ಹೇಳಿರಬಹುದು ಎಂಬ ಅನುಮಾನ ನನ್ನೊಳಗೆ ಒಂದು ಮೂಲೆಯಲ್ಲಿ ಕೂತೇ ಇತ್ತು.

"ಹೋಗಲಿ ಬಿಡು," ಎಂದ ಅವನು. ದನಿ ಏರಿಸಲಿಲ್ಲ. "ಕೇಳಿದ ಮ್ಯಾಲರ ಅವನ ಬಿಟ್ಟು ಬರಬೇಕಿತ್ತು. ಅದನ್ನ ಕೇಳಿ, ಮತ್ತ ಅವನ ಜೋಡಿನ ಬಾಗೇವಾಡಿತನಾ ಹೋದಿ. ಹಲ್ಲ ಕಿರಿದು ಫೋಟೋ ತಗಸ್ಕೊಂಡಿ."

ಕೋಲು ಊರಿಕೊಂಡು ಒಳಗೆ ಹೋದ. ಯುಗಾದಿಯವರೆಗೆ ನನ್ನೊಂದಿಗೆ ಒಂದು ಮಾತೂ ಆಡಲಿಲ್ಲ. ಊಟಕ್ಕೂ ನಾನು ಎದ್ದ ಮೇಲೆಯೇ ಬರುತ್ತಿದ್ದ. ಆಮೇಲೆ ಎಮ್ಮೆಗೆ ಹೊಟ್ಟೆಯುಬ್ಬರ ಬಂದ ದಿನ ಔಷಧಿ ಕೇಳಲು ಬಾಯಿ ಬಿಟ್ಟ. ಅಲ್ಲಿಂದ ಮನೆಯ ಮಾತು ಮನೆಯ ಮಟ್ಟಿಗೆ ನಡೆಯತೊಡಗಿತು. ನನ್ನ ಗಾಡಿಯನ್ನು ಮಾತ್ರ ಮತ್ತೆ ಅವನು ಮುಟ್ಟಲಿಲ್ಲ, ಕೆಟ್ಟು ನಿಂತಾಗಲೂ. ಮೋರಟಗಿಯವನು ಸಿಂದಗಿಯ ಸಂತೆಯಲ್ಲಿ ಈಗಲೂ ಸಿಗುತ್ತಾನೆ. ಒಬ್ಬರನ್ನೊಬ್ಬರು ಕಂಡರೆ ಇಬ್ಬರೂ ಉಗುಳಿ ಮುಖ ತಿರುಗಿಸುತ್ತೇವೆ. ಅವನ ಮೇಲಿನ ಸಿಟ್ಟು ನನಗೆ ಹಗುರ. ತಮ್ಮ ಅಂದು ಕೇಳಿದ್ದಕ್ಕೆ ನಾನು ಹೌದು, ನಂಬಿರಲಿಲ್ಲ ಎಂದು ಇವತ್ತಿಗೂ ಹೇಳಿಲ್ಲ.